ವಿಷಾನಿಲಗಳ ಶೋಧನೆಯಲ್ಲಿ ಲೋಹದ ಆಕ್ಸೈಡುಗಳ ನ್ಯಾನೋಕಣಗಳು

ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ ಒಂದು ಕಟ್ಟುಪಾಡಿತ್ತು. ನೆಲದೊಳಗಿನ ಆ ಕಣಜದ ಬಾಯಿ ತೆರೆದ ಕೂಡಲೆ ಯಾರೂ ಒಳಕ್ಕೆ ಇಳಿಯಕೂಡದು. ಬಾಯನ್ನು ಸ್ವಲ್ಪ ಹೊತ್ತು ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪವನ್ನು ಕಟ್ಟಿ ಒಳಗೆ ಬಿಡಬೇಕು. ದೀಪ ಉರಿಯುತ್ತಿದ್ದರೆ ಮಾತ್ರ ಮನುಷ್ಯನು ಇಳಿಯಬಹುದು. ಹಾಳುಬಾವಿಯ ಹೂಳು ತೆಗೆಯುವಾಗಲೂ ಇದೇ ಕ್ರಮ. ಈ ಕಟ್ಟುಪಾಡಿನ ಹಿಂದಿನ ಕಾರಣ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯತಕ್ಕದ್ದು. ಕಾಳು ಸಹ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಗಾಳಿಗಿಂತ ಭಾರವಾದ ಆ ಅನಿಲ ತಳದಲ್ಲಿ ನಿಲ್ಲುತ್ತದೆ. ಆಮ್ಲಜನಕವು ಸಾಮಾನ್ಯ ಪ್ರಮಾಣವಾದ 21 ಪ್ರತಿಶತದಿಂದ ಸುಮಾರು 16 ಅಥವಾ 17 ಪ್ರತಿಶತಕ್ಕೆ ಇಳಿದರೆ ದೀಪ ಆರಿಹೋಗುತ್ತದೆ.

ಹೀಗೆ ನೋಡಿದರೆ ಹಗ್ಗಕ್ಕೆ ಕಟ್ಟಿದ ಆ ದೀಪ ನಿಜವಾದ ಅರ್ಥದಲ್ಲಿ ಒಂದು ಅನಿಲಶೋಧಕ. ಆದರೆ ಅದು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಇಲ್ಲಿ ಆಮ್ಲಜನಕ ಸಾಕಷ್ಟು ಇದೆಯೆ? ಇಲ್ಲಿ ವಿಷವಿದೆಯೆ ಎಂಬ ಪ್ರಶ್ನೆಯನ್ನು ದೀಪಕ್ಕೆ ಕೇಳಿ ಪ್ರಯೋಜನವಿಲ್ಲ. ಗಾಳಿಯ ಸಾವಿರ ಪಾಲಿನಲ್ಲಿ ಒಂದು ಪಾಲು ಇಂಗಾಲದ ಮಾನಾಕ್ಸೈಡು ಬೆರೆತಿದ್ದರೆ ದೀಪ ಎಂದಿನಂತೆ ಉರಿಯುತ್ತದೆ. ಮನುಷ್ಯನಿಗೆ ಮಾತ್ರ ಒಂದೆರಡು ಗಂಟೆಗಳಲ್ಲಿ ಪ್ರಾಣಾಪಾಯ ಒದಗುತ್ತದೆ. ಮೀಥೇನು ತುಂಬಿದ ಕೊಳಚೆಗುಂಡಿಗೆ ಅದೇ ದೀಪವನ್ನು ಬಿಟ್ಟರಂತೂ ದೀಪವೇ ಸ್ಫೋಟಕ್ಕೆ ಕಾರಣವಾಗುತ್ತದೆ.

ಪ್ರತಿಯೊಂದು ಶೋಧಕವೂ ತಾನು ಉತ್ತರಿಸಬಲ್ಲ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಬೇರೆ ಪ್ರಶ್ನೆ ಕೇಳಿದರೆ ಮೌನವಾಗಿರುತ್ತದೆ, ಇಲ್ಲವೆ ಸುಳ್ಳು ಹೇಳುತ್ತದೆ. ಈ ಮಾತು ಹಗೇವಿನ ದೀಪಕ್ಕೆ ಎಷ್ಟು ನಿಜವೋ, ಇಂದು ನಮ್ಮ ಪ್ರಯೋಗಶಾಲೆಗಳಲ್ಲಿ ತಯಾರಾಗುತ್ತಿರುವ ಲೋಹದ ಆಕ್ಸೈಡುಗಳ ನ್ಯಾನೋಕಣಗಳಿಗೂ ಅಷ್ಟೇ ನಿಜ. ಈ ಲೇಖನದಲ್ಲಿ ಆ ಕಣಗಳು ವಿಷಾನಿಲವನ್ನು ಹೇಗೆ ಗುರುತಿಸುತ್ತವೆ, ಈ ಕ್ಷೇತ್ರದಲ್ಲಿ ಕರ್ನಾಟಕದ ಪಾಲು ಏನು, ಅವುಗಳ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಮೂರು ವಿಷಯಗಳನ್ನು ವಿಚಾರಮಾಡೋಣ.

ಅಪಾಯದ ಸ್ವರೂಪ

ವಿಷಾನಿಲವೆಂದೊಡನೆ ದೊಡ್ಡ ಕಾರ್ಖಾನೆಗಳೂ 1984ರ ಭೋಪಾಲದ ದುರಂತವೂ ನೆನಪಿಗೆ ಬರುವುದು ಸಹಜ. ಆದರೆ ಅಪಾಯವನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಸೀಮೆ ಹೊಗೆಸೊಪ್ಪಿನ ಬೆಳೆಗೆ ಹೆಸರಾದುದು. ಇಲ್ಲಿಯ ರೈತರು ಹಸಿರೆಲೆಯನ್ನು ಕೋಲುಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಕೋಣೆಯಲ್ಲಿ ಸಾಲುಸಾಲಾಗಿ ತೂಗಿಬಿಟ್ಟು ಹದಗೊಳಿಸುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಬಿಸಿಹೊಗೆ ತಗಡಿನ ಕೊಳವೆಗಳ ಮೂಲಕ ಕೋಣೆಯ ನೆಲದ ಮೇಲೆ ಹರಿದು ಹೊಗೆಗೂಡಿನಿಂದ ಹೊರಗೆ ಹೋಗುತ್ತದೆ. ಎಲೆಗೆ ತಾಗಬೇಕಾದುದು ಕೊಳವೆಯ ಬಿಸಿಯೇ ಹೊರತು ಹೊಗೆಯಲ್ಲ. ಸುಮಾರು 35 ಡಿಗ್ರಿ ಸೆಲ್ಸಿಯಸಿನಿಂದ ಆರಂಭಿಸಿ, ಎಲೆಯ ನಡುನರ ಒಣಗುವಾಗ ಸುಮಾರು 70 ಡಿಗ್ರಿಯವರೆಗೆ ಶಾಖವನ್ನು ಏರಿಸಬೇಕು. ಈ ಕೆಲಸ ಐದಾರು ದಿನ ಹಗಲಿರುಳೂ ನಡೆಯುವುದರಿಂದ ಮನೆಯವರು ಒಲೆಯ ಬಳಿಯಲ್ಲೇ ರಾತ್ರಿ ಕಳೆಯುತ್ತಾರೆ.

ಕೊಳವೆ ಎಲ್ಲಿಯಾದರೂ ತುಕ್ಕುಹಿಡಿದು ಬಿರುಕುಬಿಟ್ಟರೆ, ಅಥವಾ ಹೊಗೆಗೂಡು ಕಟ್ಟಿಕೊಂಡರೆ, ಹೊಗೆ ಕೋಣೆಯೊಳಕ್ಕೆ ನುಗ್ಗುತ್ತದೆ. ಎಲೆ ಹಳದಿಯಾಗುವ ಹಂತದಲ್ಲಿ ಕೋಣೆಯ ಗಾಳಿಕಿಂಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಒಳಹೊಕ್ಕ ಅನಿಲ ಅಲ್ಲಿಯೇ ನಿಲ್ಲುತ್ತದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಘಾಟು ತಾಗುತ್ತದೆ. ಆದರೆ ಅದರ ಜೊತೆಗಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಆಸಕ್ತಿಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಇರುವುದನ್ನು ಒಂದು ಪಿಪಿಎಂ ಎನ್ನುತ್ತಾರೆ. ದಿನವಿಡೀ ದುಡಿಯುವವರಿಗೆ 35 ಪಿಪಿಎಂ ಮೀರಬಾರದೆಂಬುದು ವೈದ್ಯಶಾಸ್ತ್ರಜ್ಞರು ಒಪ್ಪಿರುವ ಮಿತಿಗಳಲ್ಲೊಂದು. 200 ಪಿಪಿಎಂ ಇದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು ಬರುತ್ತದೆ. 800 ಪಿಪಿಎಂ ಇದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ಎರಡು ಮೂರು ಗಂಟೆಗಳಲ್ಲಿ ಮರಣ. ತಲೆನೋವನ್ನು ನಿದ್ದೆಗೆಟ್ಟದ್ದರ ಫಲವೆಂದು ತಿಳಿಯುವುದು ಸುಲಭವಾದುದರಿಂದಲೇ ಈ ಅನಿಲ ಹೆಚ್ಚು ಮೋಸದ್ದು.

ಪಟ್ಟಣಗಳ ಚರಂಡಿಗುಂಡಿಗಳಲ್ಲಿ ಸಂಗ್ರಹವಾಗುವ ಜಲಜನಕದ ಸಲ್ಫೈಡು ಬೇರೊಂದು ರೀತಿಯಲ್ಲಿ ಮೋಸಮಾಡುತ್ತದೆ. ಒಂದು ಪಿಪಿಎಂಗಿಂತ ಕಡಿಮೆ ಇದ್ದಾಗಲೂ ಅದರ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ತಿಳಿಯುತ್ತದೆ. ಆದರೆ ಪ್ರಮಾಣ ಸುಮಾರು 100 ಪಿಪಿಎಂ ತಲುಪಿದಾಗ ಮೂಗಿನ ಶಕ್ತಿಯೇ ಕುಂದಿ, ವಾಸನೆ ನಿಂತುಹೋದಂತೆ ಭಾಸವಾಗುತ್ತದೆ. ಅಪಾಯ ಹೆಚ್ಚಾದಂತೆ ಎಚ್ಚರಿಕೆ ಕಡಿಮೆಯಾಗುವ ವಿಚಿತ್ರ ಸ್ಥಿತಿ ಇದು. ನಿಸರ್ಗವು ನಮಗೆ ಕೊಟ್ಟಿರುವ ಶೋಧಕ ಹೀಗೆ ಕೈಕೊಡುವಲ್ಲಿ ಕೃತಕವಾದ ಮೂಗೊಂದನ್ನು ಮಾಡಬೇಕಾದುದು ಅಗತ್ಯವಾಗುತ್ತದೆ.

ಆಕ್ಸೈಡು ಅನಿಲವನ್ನು ಅರಿಯುವ ಬಗೆ

ಅರೆವಾಹಕದ ಮೇಲ್ಮೈಯ ವಿದ್ಯುದ್ಗುಣಗಳು ಅದರ ಸುತ್ತಲಿನ ಅನಿಲಕ್ಕೆ ತಕ್ಕಂತೆ ಬದಲಾಗುತ್ತವೆಂಬುದನ್ನು ಬ್ರಾಟನ್ ಮತ್ತು ಬಾರ್ಡೀನರು 1953ರಲ್ಲಿ ಜರ್ಮೇನಿಯಮ್ಮಿನಲ್ಲಿ ತೋರಿಸಿದರು. 1962ರಲ್ಲಿ ಜಪಾನಿನ ಸೇಯಾಮಾ ಮತ್ತು ಅವರ ಸಂಗಡಿಗರು ಸತುವಿನ ಆಕ್ಸೈಡಿನ ತೆಳುಪದರದಿಂದ ಅನಿಲಗಳನ್ನು ಗುರುತಿಸಬಹುದೆಂದು ಪ್ರಕಟಿಸಿದರು. ಅದೇ ವರ್ಷ, ಅದೇ ದೇಶದ ತಾಗುಚಿ ಎಂಬವರು ತವರದ ಆಕ್ಸೈಡನ್ನು ಬಳಸುವ ಶೋಧಕಕ್ಕೆ ಹಕ್ಕುಪತ್ರ ಕೋರಿದರು. ಅಡುಗೆ ಅನಿಲದ ಸೋರಿಕೆಯನ್ನು ತಿಳಿಸಲು ಇಂದು ಮನೆಗಳಲ್ಲಿ ಇಡುವ ಉಪಕರಣಗಳಲ್ಲಿ ಅನೇಕವು ಈ ವಂಶಕ್ಕೆ ಸೇರಿದವು.

ತವರದ ಆಕ್ಸೈಡಿನ ಒಂದು ಕಣವನ್ನು ಗಾಳಿಯಲ್ಲಿಟ್ಟು 200ರಿಂದ 400 ಡಿಗ್ರಿಯವರೆಗೆ ಕಾಯಿಸೋಣ. ಗಾಳಿಯ ಆಮ್ಲಜನಕ ಕಣದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಅಂಟಿಕೊಳ್ಳುವಾಗ ಕಣದೊಳಗಿನ ಸ್ವತಂತ್ರ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಸೆಳೆದುಕೊಂಡು ಋಣ ಅಯಾನಾಗುತ್ತದೆ. ಇದರಿಂದ ಮೇಲ್ಮೈಗೆ ಹತ್ತಿದ ಒಂದು ಪದರದಲ್ಲಿ ಎಲೆಕ್ಟ್ರಾನುಗಳ ಕೊರತೆ ಉಂಟಾಗಿ, ಕಣದಿಂದ ಕಣಕ್ಕೆ ವಿದ್ಯುತ್ತು ಹರಿಯುವುದು ಕಷ್ಟವಾಗುತ್ತದೆ, ಎಂದರೆ ರೋಧ ಹೆಚ್ಚಾಗುತ್ತದೆ. ಈಗ ಇಂಗಾಲದ ಮಾನಾಕ್ಸೈಡು ಬಂದಿತೆನ್ನೋಣ. ಅದು ಅಂಟಿಕೊಂಡ ಆಮ್ಲಜನಕದೊಡನೆ ಕೂಡಿ ಡೈಆಕ್ಸೈಡಾಗಿ ಹಾರಿಹೋಗುತ್ತದೆ, ಸೆರೆಯಾಗಿದ್ದ ಎಲೆಕ್ಟ್ರಾನು ಕಣಕ್ಕೆ ಮರಳುತ್ತದೆ, ರೋಧ ಇಳಿಯುತ್ತದೆ. ಶುದ್ಧ ಗಾಳಿಯಲ್ಲಿನ ರೋಧವನ್ನು ಅನಿಲವಿರುವಾಗಿನ ರೋಧದಿಂದ ಭಾಗಿಸಿದರೆ ಬರುವ ಅಂಕಿಯೇ ಶೋಧಕದ ಸ್ಪಂದನ.

ಈ ಕ್ರಿಯೆಯಲ್ಲಿ ಒಂದು ಅಂಶವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು. ಆಕ್ಸೈಡು ಇಲ್ಲಿ ಇಂಗಾಲದ ಮಾನಾಕ್ಸೈಡನ್ನು ನೇರವಾಗಿ ಗುರುತಿಸುತ್ತಿಲ್ಲ. ತನ್ನ ಮೇಲ್ಮೈಯ ಆಮ್ಲಜನಕವನ್ನು ಯಾರೋ ತೆಗೆದುಕೊಂಡು ಹೋದರೆಂಬುದನ್ನು ಮಾತ್ರ ತಿಳಿಸುತ್ತಿದೆ. ತೆಗೆದುಕೊಂಡವರು ಜಲಜನಕವಾಗಿರಬಹುದು, ಮದ್ಯಸಾರದ ಆವಿಯಾಗಿರಬಹುದು, ಅಡುಗೆ ಅನಿಲವೂ ಆಗಿರಬಹುದು. ಹಗೇವಿನ ದೀಪದಂತೆ ಇದಕ್ಕೂ ಗೊತ್ತಿರುವುದು ಒಂದೇ ಪ್ರಶ್ನೆ.

ಕಣದ ಗಾತ್ರದ ಮಹತ್ತ್ವ

ಕ್ರಿಯೆಯೆಲ್ಲ ಮೇಲ್ಮೈಯಲ್ಲಿ ನಡೆಯುವುದರಿಂದ ಮೇಲ್ಮೈ ಹೆಚ್ಚಿದಷ್ಟೂ ಒಳ್ಳೆಯದು. ಒಂದು ಸೆಂಟಿಮೀಟರು ಅಂಚಿನ ಘನಾಕೃತಿಯ ಆಕ್ಸೈಡಿನ ತುಂಡೊಂದನ್ನು ತೆಗೆದುಕೊಳ್ಳೋಣ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರು. ಅದನ್ನೇ 10 ನ್ಯಾನೋಮೀಟರು ಅಂಚಿನ ಘನಗಳಾಗಿ ಕತ್ತರಿಸಿದೆವೆಂದು ಊಹಿಸೋಣ. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಆಗ ಎಲ್ಲ ತುಂಡುಗಳ ಮೇಲ್ಮೈ ಸೇರಿ 600 ಚದರ ಮೀಟರು, ಎಂದರೆ ಸುಮಾರು ಆರು ಗುಂಟೆ ಆಗುತ್ತದೆ. ಬೆರಳ ತುದಿಯಲ್ಲಿ ನಿಲ್ಲುವ ಒಂದು ತುಂಡಿನೊಳಗೆ ಒಂದು ಹಿತ್ತಿಲಿನಷ್ಟು ನೆಲ ಅಡಗಿದೆಯೆಂದ ಹಾಗಾಯಿತು.

ಆದರೆ ಮೇಲ್ಮೈಯ ವಿಸ್ತಾರವೊಂದೇ ಕಾರಣವಲ್ಲ. ಎಲೆಕ್ಟ್ರಾನುಗಳ ಕೊರತೆಯಿರುವ ಪದರದ ದಪ್ಪ ತವರದ ಆಕ್ಸೈಡಿನಲ್ಲಿ ಸುಮಾರು 3 ನ್ಯಾನೋಮೀಟರು. ಕಣ ದೊಡ್ಡದಾಗಿದ್ದರೆ ಈ ಪದರ ಹಣ್ಣಿನ ಸಿಪ್ಪೆಯಂತೆ ಹೊರಗಡೆ ಮಾತ್ರ ಇರುತ್ತದೆ. ಒಳಗಿನ ತಿರುಳಿಗೆ ಹೊರಗಿನ ಸುದ್ದಿಯೇ ಇಲ್ಲ. ಕಣದ ವ್ಯಾಸ 6 ನ್ಯಾನೋಮೀಟರಿಗೆ ಇಳಿದರೆ ಎರಡೂ ಬದಿಯ ಪದರಗಳು ನಡುವೆ ಕೂಡಿಕೊಂಡು ಕಣವೆಲ್ಲವೂ ಸಿಪ್ಪೆಯೇ ಆಗುತ್ತದೆ. ಆಗ ಹೊರಗೆ ಬಂದ ಅನಿಲದ ಪ್ರಭಾವ ಇಡೀ ಕಣದ ಮೇಲಾಗುತ್ತದೆ. ಜಪಾನಿನ ಯಾಮಾಜೋಯೆ ಮತ್ತು ಅವರ ಸಂಗಡಿಗರು 1991ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಕಣದ ಗಾತ್ರ ಸುಮಾರು 6 ನ್ಯಾನೋಮೀಟರಿಗಿಂತ ಕೆಳಗಿಳಿದಂತೆ ಸ್ಪಂದನ ಒಮ್ಮೆಗೇ ಏರಿತು. ನ್ಯಾನೋ ಎಂಬ ಶಬ್ದ ಈ ಕ್ಷೇತ್ರದಲ್ಲಿ ಕೇವಲ ಅಲಂಕಾರವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ವಿದ್ಯುದ್ರಾಸಾಯನಿಕ ಕೋಶ

ರೋಧವನ್ನು ಅಳೆಯುವುದು ಒಂದು ದಾರಿ. ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ವಿದ್ಯುತ್ತನ್ನೇ ಅಳೆಯುವುದು ಇನ್ನೊಂದು. ಇದು ವಿದ್ಯುದ್ರಾಸಾಯನಿಕ ಕೋಶದ ದಾರಿ. ಇದರಲ್ಲಿ ಆಮ್ಲದ್ರಾವಣವೊಂದು, ಸಾಮಾನ್ಯವಾಗಿ ಗಂಧಕಾಮ್ಲ, ಮೂರು ಎಲೆಕ್ಟ್ರೋಡುಗಳ ನಡುವೆ ಇರುತ್ತದೆ. ಅನಿಲವು ಸಣ್ಣ ರಂಧ್ರದ ಮೂಲಕ ನಿಧಾನವಾಗಿ ಒಳಹೊಕ್ಕು ಮೊದಲನೆಯ ಎಲೆಕ್ಟ್ರೋಡನ್ನು ತಲುಪುತ್ತದೆ. ಅಲ್ಲಿ ಇಂಗಾಲದ ಮಾನಾಕ್ಸೈಡಿನ ಒಂದು ಅಣು ನೀರಿನ ಒಂದು ಅಣುವಿನೊಡನೆ ಸೇರಿ ಡೈಆಕ್ಸೈಡಾಗುತ್ತದೆ. ಎರಡು ಜಲಜನಕದ ಅಯಾನುಗಳೂ ಎರಡು ಎಲೆಕ್ಟ್ರಾನುಗಳೂ ಬಿಡುಗಡೆಯಾಗುತ್ತವೆ. ಎದುರಿನ ಎಲೆಕ್ಟ್ರೋಡಿನಲ್ಲಿ ಗಾಳಿಯ ಆಮ್ಲಜನಕ ಅವುಗಳನ್ನು ತೆಗೆದುಕೊಂಡು ಮತ್ತೆ ನೀರಾಗುತ್ತದೆ. ಮೂರನೆಯದು ಮೊದಲನೆಯದರ ವಿಭವವನ್ನು ಸ್ಥಿರವಾಗಿಡಲು ಬೇಕಾದ ಆಧಾರ. ಹೊರಗಿನ ತಂತಿಯಲ್ಲಿ ಹರಿಯುವ ಪ್ರವಾಹ ಅನಿಲದ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುತ್ತದೆ. ಒಂದು ಪಿಪಿಎಂಗೆ ಹತ್ತಾರು ನ್ಯಾನೋಆಂಪಿಯರು ಮಾತ್ರವಾದರೂ ಇಂದಿನ ಉಪಕರಣಗಳಿಗೆ ಅದನ್ನು ಅಳೆಯುವುದು ಕಷ್ಟವಲ್ಲ.

ಈ ಕೋಶದಲ್ಲಿ ಆಕ್ಸೈಡುಗಳಿಗೆ ಏನು ಕೆಲಸ? ಎಲೆಕ್ಟ್ರೋಡಿನ ವೇಗವರ್ಧಕ ಸಾಮಾನ್ಯವಾಗಿ ಪ್ಲಾಟಿನಮ್. ಆದರೆ ಇಂಗಾಲದ ಮಾನಾಕ್ಸೈಡು ಪ್ಲಾಟಿನಮ್ಮಿಗೆ ಬಿಗಿಯಾಗಿ ಅಂಟಿಕೊಂಡು ಅದರ ಜಾಗಗಳನ್ನೆಲ್ಲ ಮುಚ್ಚಿಬಿಡುವುದುಂಟು. ಪ್ಲಾಟಿನಮ್ಮಿನ ಕಣಗಳನ್ನು ತವರದ ಆಕ್ಸೈಡಿನ ನ್ಯಾನೋಕಣಗಳ ಮೇಲೆ ಕೂರಿಸಿದರೆ, ಆಕ್ಸೈಡಿನ ಮೇಲ್ಮೈಯಲ್ಲಿ ನೀರಿನಿಂದ ಹುಟ್ಟುವ ಹೈಡ್ರಾಕ್ಸಿಲ್ ಗುಂಪುಗಳು ಪಕ್ಕದಲ್ಲೇ ದೊರೆತು, ಅಂಟಿಕೊಂಡ ಅನಿಲವನ್ನು ಉತ್ಕರ್ಷಿಸಿ ಜಾಗವನ್ನು ತೆರವು ಮಾಡುತ್ತವೆ. ಇನ್ನೊಂದು ಬಗೆಯ ಕೋಶದಲ್ಲಿ ದ್ರವದ ಬದಲು ಜಿರ್ಕೋನಿಯ ಎಂಬ ಘನ ಆಕ್ಸೈಡೇ ಆಮ್ಲಜನಕದ ಅಯಾನುಗಳನ್ನು ಸಾಗಿಸುತ್ತದೆ. ಮೋಟಾರುಕಾರುಗಳ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯಲು 1976ರಿಂದ ಬಳಕೆಗೆ ಬಂದ ಶೋಧಕ ಇದೇ ತತ್ತ್ವದ್ದು. ಜಿರ್ಕೋನಿಯದ ಮೇಲೆ ಸತು, ನಿಕ್ಕಲ್ ಅಥವಾ ಟಂಗ್‌ಸ್ಟನ್ನಿನ ಆಕ್ಸೈಡನ್ನು ಎಲೆಕ್ಟ್ರೋಡಾಗಿ ಲೇಪಿಸಿದರೆ, ಅದರ ಮೇಲೆ ವಿಷಾನಿಲದ ಉತ್ಕರ್ಷಣವೂ ಆಮ್ಲಜನಕದ ಅಪಕರ್ಷಣವೂ ಏಕಕಾಲದಲ್ಲಿ ನಡೆದು, ಎರಡರ ಒತ್ತಡಕ್ಕೂ ಮಧ್ಯದ ಒಂದು ವಿಭವ ನಿಲ್ಲುತ್ತದೆ. ಆ ವಿಭವವೇ ಅನಿಲದ ಪ್ರಮಾಣದ ಸೂಚಕ.

ಎರಡು ದಾರಿಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ರೋಧ ಅಳೆಯುವ ಶೋಧಕ ಅಗ್ಗ ಮತ್ತು ದೀರ್ಘಾಯು. ಆದರೆ ಅದನ್ನು ಸದಾ ಕಾಯಿಸುತ್ತಿರಬೇಕು. ನಮ್ಮ ವಿದ್ಯಾರ್ಥಿಗಳು ಪ್ರಾಯೋಗಿಕ ಯೋಜನೆಗಳಲ್ಲಿ ಬಳಸುವ ಎಂಕ್ಯೂ-7 ಎಂಬ ತವರದ ಆಕ್ಸೈಡಿನ ಶೋಧಕಕ್ಕೆ ಸುಮಾರು ಮೂರನೆಯ ಒಂದು ವಾಟ್ ಬೇಕಾಗುತ್ತದೆ. ದಿನಕ್ಕೆ ಲೆಕ್ಕಹಾಕಿದರೆ 8 ವಾಟ್-ಗಂಟೆ; ಗೋಡೆ ಗಡಿಯಾರಕ್ಕೆ ಹಾಕುವಂಥ ಕ್ಷಾರೀಯ ಸೆಲ್ಲುಗಳು ಮೂರು ಒಂದೇ ದಿನದಲ್ಲಿ ಬರಿದಾಗುತ್ತವೆ. ದ್ರವವಿರುವ ವಿದ್ಯುದ್ರಾಸಾಯನಿಕ ಕೋಶಕ್ಕೆ ಕಾಯಿಸುವ ಅಗತ್ಯವಿಲ್ಲ. ಅದರ ಆಮ್ಲದ್ರಾವಣ ಮಾತ್ರ ಒಣಗಾಳಿಯಲ್ಲಿ ನೀರು ಕಳೆದುಕೊಂಡು, ತೇವದಲ್ಲಿ ನೀರು ಹೀರಿಕೊಂಡು, ಕೆಲವು ವರ್ಷಗಳಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ.

ಕರ್ನಾಟಕದಲ್ಲಿ ನಡೆದ ಕೆಲಸ

ನ್ಯಾನೋಕಣಗಳನ್ನು ತಯಾರಿಸುವ ವಿಧಾನಗಳಲ್ಲಿ ಒಂದು ನಮ್ಮ ನಾಡಿನಲ್ಲಿಯೇ ರೂಪುಗೊಂಡಿತೆಂಬುದು ವಾಚಕರಿಗೆ ಸಂತೋಷ ತರತಕ್ಕ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರೂ ಜೆ.ಜೆ. ಕಿಂಗ್ಸ್‌ಲೀಯವರೂ 1988ರಲ್ಲಿ ದ್ರಾವಣದಹನ ವಿಧಾನವನ್ನು ಪ್ರಕಟಿಸಿದರು. ಅಲ್ಯೂಮಿನಿಯಮ್ ನೈಟ್ರೇಟು ಮತ್ತು ಯೂರಿಯಾಗಳನ್ನು ನೀರಿನಲ್ಲಿ ಕರಗಿಸಿ, ಪಾತ್ರೆಯನ್ನು ಸುಮಾರು 500 ಡಿಗ್ರಿಗೆ ಕಾದ ಕುಲುಮೆಯಲ್ಲಿಟ್ಟರೆ, ದ್ರಾವಣ ಕುದಿದು, ನೊರೆಯುಕ್ಕಿ, ತಾನಾಗಿ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಅರಳಿದ ಹುರಿಯಕ್ಕಿಯಂಥ ಹಗುರವಾದ ಆಕ್ಸೈಡಿನ ಪುಡಿ ಉಳಿಯುತ್ತದೆ. ನೈಟ್ರೇಟು ಇಲ್ಲಿ ಆಮ್ಲಜನಕವನ್ನು ಒದಗಿಸುವ ಪದಾರ್ಥ. ಹೊಲಕ್ಕೆ ಹಾಕುವ ಯೂರಿಯಾವೇ ಇಂಧನ.

ಇದೇ ವಿಧಾನದಿಂದ ಸತುವಿನ ಆಕ್ಸೈಡನ್ನು ತಯಾರಿಸುವುದಾದರೆ, 3 ಮೋಲು ಸತುವಿನ ನೈಟ್ರೇಟಿಗೆ 5 ಮೋಲು ಯೂರಿಯಾ ಬೇಕು. ಹುಟ್ಟುವುದು 3 ಮೋಲು ಆಕ್ಸೈಡು; ಜೊತೆಗೆ 5 ಮೋಲು ಇಂಗಾಲದ ಡೈಆಕ್ಸೈಡು, 10 ಮೋಲು ನೀರಾವಿ, 8 ಮೋಲು ಸಾರಜನಕ, ಹೀಗೆ ಒಟ್ಟು 23 ಮೋಲು ಅನಿಲ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದರೆ ಕಣ ಏಕೆ ಸಣ್ಣದಾಗುತ್ತದೆಂಬುದು ತಾನಾಗಿ ತಿಳಿಯುತ್ತದೆ. ಇಷ್ಟೊಂದು ಅನಿಲ ಕ್ಷಣದಲ್ಲಿ ಹೊರನುಗ್ಗುವಾಗ ಬಿಸಿಯನ್ನೂ ಕೊಂಡೊಯ್ಯುತ್ತದೆ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳದಂತೆ ಚೆದರಿಸುತ್ತದೆ. ಇಂಧನದ ಪ್ರಮಾಣ ತಪ್ಪಿದರೆ ಕಂದುಬಣ್ಣದ ಸಾರಜನಕದ ಡೈಆಕ್ಸೈಡು ಬರುವುದರಿಂದ ಈ ಪ್ರಯೋಗವನ್ನು ಧೂಮ ಹೊರಹಾಕುವ ಕಪಾಟಿನಲ್ಲಿಯೇ ಮಾಡಬೇಕು. ವಿಷಾನಿಲದ ಶೋಧಕವನ್ನು ತಯಾರಿಸಹೊರಟವರು ವಿಷಾನಿಲಕ್ಕೇ ತುತ್ತಾಗುವುದು ತರವಲ್ಲ. ದುಬಾರಿಯಾದ ಯಂತ್ರಗಳಿಲ್ಲದ ಕಾಲೇಜುಗಳಲ್ಲಿಯೂ ಈ ವಿಧಾನ ಸಾಧ್ಯವಾದುದರಿಂದ ಇದು ಬಹುಬೇಗ ಹರಡಿತು.

ಮೈಸೂರು ವಿಶ್ವವಿದ್ಯಾನಿಲಯದಿಂದ 1951ರಲ್ಲಿ ಬಿ.ಎಸ್‌ಸಿ. ಪದವಿ ಪಡೆದ ಸಿ.ಎನ್.ಆರ್. ರಾಯರು 1989ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಂಗಡಿಗರೊಡನೆ ಸತು, ಇಂಡಿಯಮ್, ಟಂಗ್‌ಸ್ಟನ್ನುಗಳ ಆಕ್ಸೈಡುಗಳ ನ್ಯಾನೋತಂತಿಗಳನ್ನು ಪರೀಕ್ಷಿಸಿದರು. ಸಾರಜನಕದ ಆಕ್ಸೈಡುಗಳು, ಜಲಜನಕದ ಸಲ್ಫೈಡು ಮುಂತಾದ ಅನಿಲಗಳಿಗೆ ಅವು ಹೇಗೆ ಸ್ಪಂದಿಸುತ್ತವೆಂಬುದನ್ನು ಈ ಶತಮಾನದ ಮೊದಲ ದಶಕದಲ್ಲಿ ಪ್ರಕಟಿಸಿದರು. ಅನಂತರದ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ಟರ ತಂಡವು ಸ್ಟಾಕ್‌ಹೋಮಿನ ವಿಜ್ಞಾನಿಗಳ ಸಹಕಾರದಿಂದ ಇಂಗಾಲದ ಮಾನಾಕ್ಸೈಡಿಗೆಂದೇ ಒಂದು ಶೋಧಕವನ್ನು ರಚಿಸಿತು. ಪಾಲಿಸ್ಟೈರೀನಿನ ಅತಿಸಣ್ಣ ಮಣಿಗಳನ್ನು ಸಿಲಿಕಾನಿನ ಮೇಲೆ ಒತ್ತಾಗಿ ಹರಡಿ, ಅವುಗಳ ಸಂದಿಗಳಲ್ಲಿ ಸತುವಿನ ಆಕ್ಸೈಡು ಜೇನುಹುಟ್ಟಿನ ಆಕಾರದಲ್ಲಿ ನಿಲ್ಲುವಂತೆ ಮಾಡಿದುದು ಅದರ ವಿಶೇಷ. ಅರ್ಧ ಪಿಪಿಎಂನಷ್ಟು ವ್ಯತ್ಯಾಸವನ್ನೂ ಅದು ಗುರುತಿಸಿತೆಂಬುದು ಮೆಚ್ಚತಕ್ಕ ಸಾಧನೆ.

ಪ್ರಯೋಗಶಾಲೆಯಿಂದ ಎನ್. ಬೇಗೂರಿಗೆ

ಇಷ್ಟಾದ ಮೇಲೆ ಸಮಸ್ಯೆ ತೀರಿತೆಂದು ಭಾವಿಸುವುದು ಸಹಜ. ಆದರೆ ಪ್ರಯೋಗಶಾಲೆಯ ಒಣ ಹವೆಯಲ್ಲಿ ಒಳ್ಳೆಯದೆನಿಸಿಕೊಂಡ ಶೋಧಕವನ್ನು ಹೆಗ್ಗಡದೇವನಕೋಟೆ ಸೀಮೆಯ ತೆಂಕಣ ಅಂಚಿನಲ್ಲಿ, ಕಬಿನಿಯ ಹಿನ್ನೀರಿಗೂ ಬಂಡೀಪುರದ ಕಾಡಿಗೂ ಹತ್ತಿರವಾದ ಎನ್. ಬೇಗೂರಿಗೆ ಕೊಂಡೊಯ್ದೆವೆಂದು ಕಲ್ಪಿಸಿಕೊಳ್ಳೋಣ. ಈ ಸೀಮೆಯಲ್ಲಿ ಹೊಗೆಸೊಪ್ಪನ್ನು ಹದಗೊಳಿಸುವ ಕೆಲಸ ಮೊದಲಾಗುವುದೇ ಮಳೆಗಾಲದಲ್ಲಿ. 25 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ 80 ಪ್ರತಿಶತವಿದ್ದರೆ ಅದರಲ್ಲಿರುವ ನೀರಾವಿ ಸುಮಾರು 25,000 ಪಿಪಿಎಂ. ನಾವು ಹುಡುಕುತ್ತಿರುವುದು 35 ಪಿಪಿಎಂ ವಿಷವನ್ನು. ಎಂದರೆ ಒಂದು ವಿಷದ ಅಣುವಿಗೆ ಏಳುನೂರಕ್ಕೂ ಹೆಚ್ಚು ನೀರಿನ ಅಣುಗಳು ಅದೇ ಮೇಲ್ಮೈಯಲ್ಲಿ ಜಾಗಕ್ಕಾಗಿ ಸ್ಪರ್ಧಿಸುತ್ತಿರುತ್ತವೆ. ಹಸಿ ಎಲೆ ತುಂಬಿದ ಬ್ಯಾರನ್ನಿನೊಳಗೆ ನೀರಾವಿ ಇನ್ನೂ ಹೆಚ್ಚು. ನೀರು ಆಕ್ಸೈಡಿನ ಮೇಲೆ ಹೈಡ್ರಾಕ್ಸಿಲ್ ಗುಂಪುಗಳಾಗಿ ಕುಳಿತು ಆಮ್ಲಜನಕದ ಜಾಗವನ್ನು ಆಕ್ರಮಿಸುವುದರಿಂದ ಸ್ಪಂದನ ಕುಗ್ಗುತ್ತದೆ. ಶೋಧಕ ಕೆಡದೆಯೇ ಕಡಿಮೆ ಅಂಕಿಯನ್ನು ತೋರಿಸಬಹುದು. ಆ ಕಡಿಮೆ ಅಂಕಿಯನ್ನು ನಂಬಿದವನಿಗೆ ಅದೇ ಅಪಾಯ.

ಎರಡನೆಯ ತೊಡಕು, ಸೌದೆಯ ಹೊಗೆ ಒಂದೇ ಅನಿಲವಲ್ಲ. ಅದರಲ್ಲಿ ಜಲಜನಕ, ಮೀಥೇನು, ಆಲ್ಡಿಹೈಡುಗಳು, ಮದ್ಯಸಾರಗಳು ಎಲ್ಲವೂ ಉಂಟು. ಎಲ್ಲ ಅಪಕರ್ಷಕ ಅನಿಲಗಳಿಗೂ ಸ್ಪಂದಿಸುವ ಶೋಧಕ ಇಲ್ಲಿ ಬಹುಮಟ್ಟಿಗೆ ಸದಾ ಕೂಗುತ್ತಿರುತ್ತದೆ. ಸದಾ ಕೂಗುವ ಗಂಟೆಯ ಬಾಯನ್ನು ಜನ ಮೂರನೆಯ ದಿನ ಕಟ್ಟಿಹಾಕುತ್ತಾರೆ. ಆಮೇಲೆ ಅದು ಇದ್ದೂ ಇಲ್ಲದಂತೆ.

ಈ ತೊಡಕಿಗೆ ರಸಾಯನಶಾಸ್ತ್ರ ಕೆಲವು ಉಪಾಯಗಳನ್ನು ಕಂಡುಕೊಂಡಿದೆ. ಅವುಗಳಲ್ಲಿ ಅತ್ಯಂತ ಸೊಗಸಾದುದು ಜಲಜನಕದ ಸಲ್ಫೈಡಿಗೆ ಸಂಬಂಧಿಸಿದ್ದು. ತವರದ ಆಕ್ಸೈಡಿನ ಕಣಗಳ ನಡುವೆ ತಾಮ್ರದ ಆಕ್ಸೈಡಿನ ಕಣಗಳನ್ನು ಬೆರೆಸಿದರೆ ಎರಡರ ಸಂಧಿಯಲ್ಲಿ ದೊಡ್ಡ ರೋಧ ಏರ್ಪಡುತ್ತದೆ. ಜಲಜನಕದ ಸಲ್ಫೈಡು ಬಂದಾಗ ತಾಮ್ರದ ಆಕ್ಸೈಡು ತಾಮ್ರದ ಸಲ್ಫೈಡಾಗಿ ಮಾರ್ಪಡುತ್ತದೆ. ಇದು ಲೋಹದಂತೆ ವಿದ್ಯುತ್ತನ್ನು ಹರಿಯಗೊಡುವುದರಿಂದ ರೋಧ ಥಟ್ಟನೆ ಕುಸಿಯುತ್ತದೆ. ಮದ್ಯಸಾರವಾಗಲಿ ಮೀಥೇನಾಗಲಿ ಈ ಮಾರ್ಪಾಡನ್ನು ಮಾಡಲಾರವು. ಶುದ್ಧ ಗಾಳಿಯಲ್ಲಿ ಕಾಯಿಸಿದರೆ ಸಲ್ಫೈಡು ಮತ್ತೆ ಆಕ್ಸೈಡಾಗುತ್ತದೆ. ಇಲ್ಲಿ ಆಕ್ಸೈಡಿಗೆ ಕೇಳಿರುವ ಪ್ರಶ್ನೆ ಸ್ಪಷ್ಟವಾಗಿದೆ: ಗಂಧಕ ಬಂದಿತೆ, ಇಲ್ಲವೆ? ಪ್ರಶ್ನೆ ಸ್ಪಷ್ಟವಾದುದರಿಂದಲೇ ಉತ್ತರವೂ ಸ್ಪಷ್ಟ.

ಆದುದರಿಂದ ಈ ಕ್ಷೇತ್ರದ ಪ್ರಬಂಧವೊಂದನ್ನು ಓದುವಾಗಲೂ ಬರೆಯುವಾಗಲೂ ನಮ್ಮ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳಬೇಕು. ಮೊದಲನೆಯದಾಗಿ, ಸ್ಪಂದನವನ್ನು ಅಳೆದುದು ಎಷ್ಟು ಪಿಪಿಎಂನಲ್ಲಿ? ಅಪಾಯದ ಮಿತಿ 35 ಆಗಿರುವಾಗ 1,000 ಪಿಪಿಎಂನಲ್ಲಿ ಬಂದ ದೊಡ್ಡ ಅಂಕಿಯಿಂದ ಯಾರ ಪ್ರಾಣವೂ ಉಳಿಯದು. ಎರಡನೆಯದಾಗಿ, ಒಣ ಗಾಳಿಯಲ್ಲಿ ಅಳೆದರೆ, ತೇವದ ಗಾಳಿಯಲ್ಲಿ ಅಳೆದರೆ? ಮೂರನೆಯದಾಗಿ, ಇತರ ಅನಿಲಗಳನ್ನು ಬೇರೆಬೇರೆಯಾಗಿ ಕೊಟ್ಟು ನೋಡಿದರೆ, ಬೆರಸಿ ಕೊಟ್ಟು ನೋಡಿದರೆ? ನಾಲ್ಕನೆಯದಾಗಿ, ಅನಿಲ ಹೋದಮೇಲೆ ಶೋಧಕ ಮೊದಲಿನ ಸ್ಥಿತಿಗೆ ಮರಳಲು ಎಷ್ಟು ಹೊತ್ತು ಹಿಡಿಯಿತು? ಐದನೆಯದಾಗಿ, ಆರು ತಿಂಗಳ ಅನಂತರ ಅದೇ ಶೋಧಕ ಅದೇ ಅನಿಲಕ್ಕೆ ಅದೇ ಉತ್ತರವನ್ನು ಕೊಟ್ಟಿತೆ? ಕ್ಷ-ಕಿರಣಗಳಿಂದ ಹರಳಿನ ಗಾತ್ರವನ್ನು ಲೆಕ್ಕಹಾಕಿ, ಸೂಕ್ಷ್ಮದರ್ಶಕದ ಸುಂದರವಾದ ಚಿತ್ರಗಳನ್ನು ಅಚ್ಚುಹಾಕಿ, ಈ ಐದು ಪ್ರಶ್ನೆಗಳ ಮುಂದೆ ಮೌನವಾಗಿರುವ ಪ್ರಬಂಧ ಪದಾರ್ಥವನ್ನು ವರ್ಣಿಸಿದೆಯೇ ಹೊರತು ಶೋಧಕವನ್ನು ವರ್ಣಿಸಿಲ್ಲ. ಇದು ಬೇರೆಯವರಿಗಷ್ಟೇ ಹೇಳುವ ಮಾತಲ್ಲ. ನಮ್ಮ ವಿಭಾಗಗಳ ಕೆಲಸಕ್ಕೂ ಅನ್ವಯಿಸತಕ್ಕ ಮಾತು.

ಈ ಪರೀಕ್ಷೆಗಳಿಗೆ ದೊಡ್ಡ ವೆಚ್ಚ ಬೇಕಾಗಿಲ್ಲವೆಂಬುದನ್ನೂ ಗಮನಿಸಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಉಪ್ಪಿನ ಸಂತೃಪ್ತ ದ್ರಾವಣವನ್ನಿಟ್ಟರೆ ಆರ್ದ್ರತೆ ಸುಮಾರು 75 ಪ್ರತಿಶತದಲ್ಲಿ ನಿಲ್ಲುತ್ತದೆ. ಅಡುಗೆಮನೆಯ ಉಪ್ಪಿನಿಂದ ಮಳೆಗಾಲದ ಹವೆಯನ್ನು ಪ್ರಯೋಗಶಾಲೆಗೆ ತರಬಹುದಾಗಿರುವಾಗ, ಒಣ ಗಾಳಿಯ ಫಲಿತಾಂಶದಿಂದಲೇ ತೃಪ್ತರಾಗಲು ಕಾರಣವಿಲ್ಲ.

ಉಪಸಂಹಾರ

ಕೊನೆಯದಾಗಿ ಒಂದು ಮಾತನ್ನು ಹೇಳಬೇಕಾಗಿದೆ. ಚರಂಡಿಗುಂಡಿಗಳಿಗೂ ಮಲದಗುಂಡಿಗಳಿಗೂ ರಕ್ಷಣಾಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಸಾರಿದೆ. ಆದರೂ ಅಂಥ ಗುಂಡಿಗಳಲ್ಲಿ ಜನ ಸಾಯುವುದು ನಿಂತಿಲ್ಲ. ಒಬ್ಬನು ಕುಸಿದಾಗ ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಸಾಯುವುದು ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿ. ಒಳ್ಳೆಯ ಶೋಧಕವೊಂದು ದೊರೆತರೆ ಅದನ್ನು ತೋರಿಸಿ, ಉಪಕರಣ ಹಸಿರು ದೀಪ ತೋರಿಸುತ್ತಿದೆ, ಇಳಿ ಎಂದು ಹೇಳುವವರೂ ಹುಟ್ಟಿಕೊಳ್ಳಬಹುದು. ನಮ್ಮ ಕೆಲಸ ಅಂಥವರ ಕೈಗೆ ಸಿಕ್ಕ ಪರವಾನಗಿಯಾಗಬಾರದು. ಯಂತ್ರದಿಂದ ಮಾಡಿಸಬಹುದಾದ ಕೆಲಸಕ್ಕೆ ಮನುಷ್ಯನನ್ನು ಇಳಿಸದಿರುವುದೇ ಮೊದಲನೆಯ ರಕ್ಷಣೆ; ಶೋಧಕ ಅದರ ಅನಂತರದ್ದು.

ಹೊಗೆಸೊಪ್ಪಿನ ಬ್ಯಾರನ್ನಿಗೂ ಈ ಮಾತು ಅನ್ವಯಿಸುತ್ತದೆ. ಪ್ರತಿವರ್ಷ ಒಲೆ ಹೊತ್ತಿಸುವ ಮುಂಚೆ ಹೊಗೆಯ ಕೊಳವೆಗಳನ್ನು ತಟ್ಟಿ ನೋಡಿ ಬಿರುಕುಗಳನ್ನು ಮುಚ್ಚುವುದು, ಹೊಗೆಗೂಡನ್ನು ಶುಚಿಮಾಡುವುದು, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ಒಳಹೋಗುವುದು, ಒಬ್ಬನು ಒಳಗಿದ್ದಾಗ ಮತ್ತೊಬ್ಬನು ಹೊರಗೆ ನಿಂತಿರುವುದು, ಇವು ಯಾವ ನ್ಯಾನೋಕಣವೂ ಇಲ್ಲದೆ ನಡೆಯತಕ್ಕ ಕೆಲಸಗಳು. ಇವುಗಳ ಜೊತೆಗೆ, ತೇವದಲ್ಲಿಯೂ ಹೊಗೆಯಲ್ಲಿಯೂ ಸುಳ್ಳಾಡದ ಅಗ್ಗದ ಶೋಧಕವೊಂದು ಆ ಬಾಗಿಲ ಪಕ್ಕದಲ್ಲಿ ತೂಗುವಂತಾದರೆ ನಮ್ಮ ಸಂಶೋಧನೆ ಸಾರ್ಥಕವಾಯಿತೆನ್ನಬಹುದು.

ಹಗೇವಿಗೆ ದೀಪ ಬಿಡುತ್ತಿದ್ದ ನಮ್ಮ ಹಿರಿಯರಿಗೆ ಆಮ್ಲಜನಕದ ಹೆಸರು ಗೊತ್ತಿರಲಿಲ್ಲ. ಆದರೂ ತಮ್ಮ ಉಪಕರಣ ಯಾವ ಅಪಾಯವನ್ನು ತಿಳಿಸುತ್ತದೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಅದನ್ನು ಅಪಾಯವಿರುವ ಜಾಗದಲ್ಲಿಯೇ, ಇಳಿಯುವ ಮುಂಚೆಯೇ ಪ್ರಯೋಗಿಸುತ್ತಿದ್ದರು. ದೀಪ ಆರಿದರೆ ಅದರ ಮಾತಿಗೆ ಎದುರಾಡುತ್ತಿರಲಿಲ್ಲ. ಆಕ್ಸೈಡುಗಳ ಸಂಶೋಧನೆಯಲ್ಲಿ ತೊಡಗಿರುವ ನಾವು ಈ ಮೂರನ್ನೂ ಅವರಿಂದ ಕಲಿಯಬೇಕಾಗಿದೆ.